ಕಾಡತೂಸಿನೊಳಗಿನ ಕಾಗದ

ಕಾಡತೂಸು ಎಂಬ ಪದದಲ್ಲಿ ಕಾಡು ಇಲ್ಲ. ಕೋವಿ, ಬೇಟೆ, ಮಲೆನಾಡು ಇವುಗಳ ನೆರೆಯಲ್ಲೇ ಈ ಪದವನ್ನು ಕೇಳುತ್ತ ಬಂದಿರುವುದರಿಂದ ಮೊದಲ ಎರಡು ಅಕ್ಷರಗಳಲ್ಲಿ ಕಾಡಿನ ಸದ್ದು ಕೇಳಿಸುವುದು ಸಹಜ. ಆದರೆ ಪದವನ್ನು ಬಿಚ್ಚಿ ನೋಡಿದರೆ ಸಿಗುವುದು ಕಾಗದ. ಈಜಿಪ್ಟಿನ ನದೀತೀರದ ಜೊಂಡು, ಗ್ರೀಕರ ಬರಹದ ಸುರುಳಿ, ಇಟಲಿಯ ಅಂಗಡಿಯ ಪೊಟ್ಟಣ, ಪೋರ್ಚುಗೀಸ್ ಸಿಪಾಯಿಯ ಸೊಂಟದ ಚೀಲ ಇಷ್ಟನ್ನೂ ದಾಟಿ ಅದು ನಮ್ಮ ಬಾಯಿಗೆ ಬಂದಿದೆ.

ಪದದ ಮೂಲ ಕಾಗದ ಎಂದಷ್ಟೇ ತಿಳಿದರೆ ಅದು ನಿಘಂಟಿನ ಒಂದು ಸಾಲು. ನನಗೆ ಮುಖ್ಯವೆನಿಸುವುದು ಬೇರೆ. ಈ ಪದ ಹೆಸರಿಸುವ ವಸ್ತುವಿನಲ್ಲಿ ಕಾಗದವೇ 1960ರವರೆಗೂ ರೂಢಿಯಲ್ಲಿತ್ತು. ಪಂಪ್ ಆಕ್ಷನ್ ಮತ್ತು ಸೆಮಿ ಆಟೊಮ್ಯಾಟಿಕ್ ಕೋವಿಗಳ ಒಂದು ಶತಮಾನದ ಚರಿತ್ರೆಯಲ್ಲಿ ಯಾವ ಮಾದರಿ ಗೆದ್ದಿತು, ಯಾವುದು ಸೋತಿತು ಎಂಬುದನ್ನು ಮತ್ತೆ ಮತ್ತೆ ತೀರ್ಮಾನಿಸಿದ್ದು ಆ ಕಾಗದವೇ. ಪದದ ಜಾಡು ಹಿಡಿದು ಹೋದರೆ ಕೋವಿಯ ಗುಣಮಟ್ಟ ಎಂದರೆ ಏನು ಎಂಬುದಕ್ಕೂ ಉತ್ತರ ಸಿಗುತ್ತದೆ.

ಜೊಂಡಿನಿಂದ ಪೊಟ್ಟಣಕ್ಕೆ

ನೈಲ್ ನದಿಯ ಪಪೈರಸ್ ಜೊಂಡನ್ನು ಸೀಳಿ, ಅಡ್ಡಡ್ಡ ಜೋಡಿಸಿ, ಒತ್ತಿ ಒಣಗಿಸಿ ಮಾಡಿದ ಹಾಳೆಗೆ ಗ್ರೀಕರು ಖಾರ್ತೇಸ್ ಎಂದರು. ರೋಮನರು ಅದನ್ನು ಖಾರ್ತಾ ಎಂದು ಲ್ಯಾಟಿನ್ನಿಗೆ ತಂದುಕೊಂಡರು, ಇಟಾಲಿಯನ್ನರು ಕಾರ್ತಾ ಎಂದರು. ಗಿಡದ ಭಾಗವೇ ಬರೆಯುವ ಹಾಳೆಯ ಹೆಸರಾಗುವುದು ಕನ್ನಡಿಗರಿಗೆ ಹೊಸದಲ್ಲ. ಅಡಕೆ ಮರದಿಂದ ಉದುರುವ ಹಾಳೆಯೂ ಪುಸ್ತಕದ ಹಾಳೆಯೂ ನಮಗೆ ಒಂದೇ ಪದ. ನಾವು ದಿನವೂ ಬಳಸುವ ‘ಕಾಗದ’ ಮಾತ್ರ ಪಾರಸಿಯ ಕಾಗಜ್ ಕಡೆಯದು. ಅದಕ್ಕೂ ಖಾರ್ತಾ ಮನೆತನಕ್ಕೂ ನಂಟಿಲ್ಲ.

ಖಾರ್ತಾ ಸಂತತಿ ದೊಡ್ಡದು. ರೇಷನ್ ಕಾರ್ಡಿನ ಕಾರ್ಡು, ಶಾಲೆಯ ಗೋಡೆಯ ಚಾರ್ಟು, ಅರಸನ ಕೈಯಿಂದ ಪ್ರಜೆಗಳು ಬರೆಸಿಕೊಂಡ ಚಾರ್ಟರು, ಸಾಮಾನು ತುಂಬುವ ರಟ್ಟಿನ ಕಾರ್ಟನ್, ಪತ್ರಿಕೆಯ ಕಾರ್ಟೂನು ಎಲ್ಲವೂ ಅದರವೇ. ಕಾರ್ಟೂನು ಮೊದಲಿಗೆ ನಗೆಚಿತ್ರವಾಗಿರಲಿಲ್ಲ. ಭಿತ್ತಿಚಿತ್ರಕ್ಕೆ ಮುನ್ನ ಕಲಾವಿದರು ದಪ್ಪ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದ ಕರಡು ಅದು. ಇದೇ ಇಟಾಲಿಯನ್ನಿನಲ್ಲಿ ಕಾಗದದ ಸುರುಳಿಗೆ, ಪೊಟ್ಟಣಕ್ಕೆ ಕಾರ್ತೊಚ್ಚೊ ಎಂಬ ಹೆಸರಿತ್ತು. ಫ್ರೆಂಚರು ಅದನ್ನು ಕಾರ್ತೂಶ್ ಎಂದರು, ಪೋರ್ಚುಗೀಸರು ಕಾರ್ತೂಶು ಎಂದರು. ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷರ ಬಾಯಲ್ಲಿ ಅದು ಕಾರ್ಟ್ರಿಜ್ ಆಯಿತು. ಪೋರ್ಚುಗೀಸರಲ್ಲಿ ಇಂದಿಗೂ ಆ ಪದಕ್ಕೆ ಕಾಗದದ ಪೊಟ್ಟಣ, ಕೋವಿಯ ಈಡು ಎರಡೂ ಅರ್ಥಗಳಿವೆ.

ಪೊಟ್ಟಣ ಕೋವಿಗೆ ಬಂದ ಕಾರಣ ಸರಳ. ಬಾಯಿಯಿಂದ ತುಂಬುವ ಹಳೆಯ ಕೋವಿಗೆ ಪ್ರತಿಸಲ ಮದ್ದನ್ನು ಅಳೆದು ಸುರಿಯಬೇಕು, ಮೇಲೆ ಗುಂಡು ಹಾಕಬೇಕು, ಅದು ಜಾರದಂತೆ ಏನನ್ನಾದರೂ ತುರುಕಿ ಗಜದಿಂದ ಜಡಿಯಬೇಕು. ಯುದ್ಧದ ಗದ್ದಲದಲ್ಲಿ ಅಳತೆ ತಪ್ಪಿದರೆ ಒಂದೋ ಗುಂಡು ಹಾರುವುದಿಲ್ಲ, ಇಲ್ಲವೇ ನಳಿಗೆ ಸಿಡಿಯುತ್ತದೆ. ಹಾಗಾಗಿ ಮೊದಲೇ ಅಳೆದ ಮದ್ದು, ಒಂದು ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿಟ್ಟುಕೊಳ್ಳುವ ರೂಢಿ ಬಂತು. ಸಿಪಾಯಿ ಹಲ್ಲಿನಿಂದ ಪೊಟ್ಟಣ ಹರಿದು ಮದ್ದು ಸುರಿಯುತ್ತಿದ್ದ, ಉಳಿದ ಕಾಗದವನ್ನೇ ತುರುಕುತ್ತಿದ್ದ. ಹದಿನೇಳನೆಯ ಶತಮಾನದಲ್ಲಿ ಸ್ವೀಡನ್ನಿನ ದೊರೆ ಗುಸ್ತಾವ್ ಅಡಾಲ್ಫನ ಸೇನೆ ಈ ಪದ್ಧತಿಯನ್ನು ಅಚ್ಚುಕಟ್ಟಾಗಿ ನಡೆಸಿತು. ಬಳಿಕ ಅದು ಯುರೋಪಿನ ಎಲ್ಲ ಸೇನೆಗಳಿಗೂ ಹಬ್ಬಿತು.

ಪದದ ಬಾಳಿನ ಒಂದು ಸುತ್ತನ್ನು ಇಲ್ಲಿ ಹೇಳಬೇಕು. 1798ರಲ್ಲಿ ನೆಪೋಲಿಯನ್ನನ ಸೇನೆಯೊಂದಿಗೆ ಈಜಿಪ್ಟಿಗೆ ಹೋದ ಫ್ರೆಂಚರು ಅಲ್ಲಿನ ಕಲ್ಲುಗಳ ಮೇಲೆ ಉದ್ದನೆಯ ಅಂಡಾಕಾರದ ಚೌಕಟ್ಟುಗಳನ್ನು ಕಂಡರು. ಸಿಪಾಯಿಗಳ ಕಣ್ಣಿಗೆ ಅವು ತಮ್ಮ ಪೊಟ್ಟಣದಂತೆ ತೋರಿದ್ದರಿಂದ ಕಾರ್ತೂಶ್ ಎಂಬ ಹೆಸರು ನಿಂತಿತು ಎಂಬುದು ಪ್ರಚಲಿತ ವಿವರಣೆ. ಚೌಕಟ್ಟಿನೊಳಗೆ ಇದ್ದದ್ದು ಅರಸರ ಹೆಸರುಗಳು. 1822ರಲ್ಲಿ ಶಾಂಪೋಲಿಯೊ ಆ ಹೆಸರುಗಳನ್ನೇ ಹಿಡಿದು ಈಜಿಪ್ಟಿನ ಲಿಪಿಯನ್ನು ಓದಿದ. ನೈಲ್ ದಂಡೆಯ ಜೊಂಡಿನಿಂದ ಹುಟ್ಟಿದ ಹೆಸರು ಎರಡು ಸಾವಿರ ವರ್ಷ ಅಲೆದು, ಕೋವಿಯ ಪೊಟ್ಟಣವಾಗಿ, ಮತ್ತೆ ಅದೇ ದಂಡೆಗೆ ಹೋಯಿತು.

ನಮ್ಮ ಬಾಯಿಗೆ ಬಂದ ಬಗೆ

ಗೋವೆಯಲ್ಲಿ 1510ರಿಂದ ನೆಲೆಯೂರಿದ ಪೋರ್ಚುಗೀಸರು ಪಶ್ಚಿಮ ಕರಾವಳಿಯ ನುಡಿಗಳಿಗೆ ಚಾವಿ, ಮೇಜು, ಪಗಾರ, ಪಾದ್ರಿಗಳನ್ನು ಕೊಟ್ಟರು. ಕಾರ್ತೂಶು ಕೂಡ ಅದೇ ದಾರಿಯಲ್ಲಿ ಬಂತೆಂದು ನಿಘಂಟುಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಹಿಂದಿ, ಉರ್ದುಗಳಲ್ಲಿ ಅದು ಕಾರತೂಸ್. ಮರಾಠಿಯಲ್ಲಿ ರಕಾರ ಡಕಾರವಾಗಿ ಕಾಡತೂಸ್. ಕನ್ನಡದ ಕಾಡತೂಸಿನಲ್ಲೂ ಅದೇ ಡಕಾರ ಇರುವುದನ್ನು ನೋಡಿದರೆ ಪದ ನಮಗೆ ಮರಾಠಿಯ ಮನೆ ಹಾದು ಬಂದಿತೆಂದು ತಿಳಿಯುವುದು ಯುಕ್ತ.

ಕೋವಿಯ ಸುತ್ತಲಿನ ನಮ್ಮ ಪದಗಳೆಲ್ಲ ಹೀಗೆ ನಾನಾ ದಿಕ್ಕಿನವು. ಬಂದೂಕು ಅರಬ್ಬಿಯ ಬುಂದುಕ್, ಮೊದಲ ಅರ್ಥದಲ್ಲಿ ಒಂದು ಬಗೆಯ ದುಂಡನೆಯ ಕಾಯಿ, ಆಮೇಲೆ ಆ ಗಾತ್ರದ ಗುಂಡು, ಕೊನೆಗೆ ಗುಂಡು ಹಾರಿಸುವ ಆಯುಧ. ತುಪಾಕಿ ತುರ್ಕಿ, ಪಾರಸಿಗಳ ಕಡೆಯದು. ಮಲಯಾಳದ ತೋಕ್ಕು, ಕೊಡವರ ತೋಕ್ ಅದರ ಬಳಗವೇ. ಮದ್ದು ಮಾತ್ರ ಅಪ್ಪಟ ನಮ್ಮದು. ಔಷಧಕ್ಕೂ ಸಿಡಿಯುವ ಪುಡಿಗೂ ಅದೊಂದೇ ಹೆಸರು. ಈಡೂ ನಮ್ಮದೇ. ಬಾಯಿಯಿಂದ ತುಂಬಿ, ಕೇಪು ಸಿಕ್ಕಿಸಿ, ಕುದುರೆ ಎಂಬ ಸುತ್ತಿಗೆಯನ್ನು ಎಳೆದು ಹಾರಿಸುವುದು ಕೇಪಿನ ಕೋವಿ. ಬುಡ ಮಡಚಿ ಕಾಡತೂಸು ಇಡುವುದು ತೋಟಾ ಕೋವಿ. ಕಾಡತೂಸಿಗೆ ತಮಿಳಿನಲ್ಲಿ ತೋಟ್ಟಾ, ತೆಲುಗಿನಲ್ಲಿ ತೂಟಾ ಎನ್ನುತ್ತಾರೆ. ನಮ್ಮ ತೋಟಾ ಅವುಗಳ ಜೊತೆಯದು.

ಕಾಡತೂಸು ಈ ದೇಶದ ಇತಿಹಾಸವನ್ನು ಅಲುಗಿಸಿದ ವರ್ಷ 1857. ಈಸ್ಟ್ ಇಂಡಿಯಾ ಕಂಪನಿ ತಂದ ಹೊಸ ಎನ್‌ಫೀಲ್ಡ್ ಬಂದೂಕಿನ ಕಾಗದದ ಕಾಡತೂಸಿಗೆ ಸವರಿದ ಕೊಬ್ಬು ದನ, ಹಂದಿಗಳದ್ದು ಎಂಬ ಮಾತು ದಂಡುಗಳಲ್ಲಿ ಹಬ್ಬಿತು. ಅದನ್ನು ಹಲ್ಲಿನಿಂದಲೇ ಹರಿಯಬೇಕಿತ್ತು. ಹಲ್ಲಿನ ಬದಲು ಕೈಯಿಂದ ಹರಿಯಬಹುದು ಎಂದು ಕವಾಯತನ್ನೇ ಬದಲಿಸಿದರೂ ಹೋದ ನಂಬಿಕೆ ಮರಳಲಿಲ್ಲ. ಏಪ್ರಿಲ್ 24ರಂದು ಮೀರತ್ತಿನಲ್ಲಿ 90 ಸವಾರರಲ್ಲಿ 85 ಮಂದಿ ಕಾಡತೂಸು ಮುಟ್ಟಲು ಒಪ್ಪಲಿಲ್ಲ. ಮೇ 10ರಂದು ದಂಗೆ ಎದ್ದಿತು. ಅದರ ಬೆನ್ನಿಗೆ ಬಂದ ನಿಶ್ಶಸ್ತ್ರೀಕರಣದ ಕಾಯ್ದೆ ಮುಧೋಳ ಸಂಸ್ಥಾನದ ಹಲಗಲಿಯನ್ನು ಮುಟ್ಟಿತು. ಆಯುಧ ಒಪ್ಪಿಸಲಾರೆವೆಂದು ನಿಂತ ಬೇಡರ ಊರಿನ ಮೇಲೆ ಅದೇ ವರ್ಷದ ನವೆಂಬರ್‌ನಲ್ಲಿ ದಂಡು ಬಿತ್ತು. ಜಡಗ, ಬಾಲ, ಹನುಮ, ರಾಮರ ಕಥೆ ಲಾವಣಿಯಾಗಿ ಉಳಿಯಿತು. ಕೊಡಗಿನಲ್ಲಿ ನಡೆದದ್ದು ಬೇರೆ. ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ.

ಕಾಗದಕ್ಕೆ ಹಿತ್ತಾಳೆಯ ತಳ

ಬರಿಯ ಪೊಟ್ಟಣ ಇಂದಿನ ಕಾಡತೂಸಾಗಲು ಎರಡು ಸೇರಬೇಕಿತ್ತು: ಬೆಂಕಿ ಹುಟ್ಟಿಸುವ ಕೇಪು ಮತ್ತು ಬೆಂಕಿ ಹಿಂದಕ್ಕೆ ಸೋರದಂತೆ ತಡೆಯುವ ಲೋಹದ ತಳ. 1830ರ ದಶಕದಲ್ಲಿ ಪ್ಯಾರಿಸಿನ ಕಾಸಿಮಿರ್ ಲಫೋಶೋ ಎಂಬ ಕುಶಲಕರ್ಮಿ ಬುಡದಲ್ಲಿ ಮಡಚುವ ಕೋವಿಯನ್ನೂ ಅದಕ್ಕೆ ಹೊಂದುವ ಕಾಡತೂಸನ್ನೂ ರೂಢಿಗೆ ತಂದ. ತಳ ಹಿತ್ತಾಳೆ, ಮೈ ಕಾಗದ. ಮೊದಮೊದಲು ಪಕ್ಕದಿಂದ ಚಾಚಿದ ಮೊಳೆಯ ಮೇಲೆ ಕುದುರೆ ಬಡಿಯುತ್ತಿತ್ತು. ಮುಂದೆ ಕೇಪು ತಳದ ನಟ್ಟನಡುವೆ ಕೂತಿತು. ಆ ರಚನೆ ಇಂದಿಗೂ ಮುಂದುವರಿದಿದೆ.

ಆಗಿನ ಚರೆ ಕಾಡತೂಸನ್ನು ಉದ್ದಕ್ಕೆ ಸೀಳಿದರೆ ಕೆಳಗೆ ಕೇಪು, ಅದರ ಮೇಲೆ ಮದ್ದು, ಮದ್ದಿನ ಮೇಲೆ ಉಣ್ಣೆಯ ಬೆಣೆ ಮತ್ತು ರಟ್ಟಿನ ಬಿಲ್ಲೆ, ಅದರ ಮೇಲೆ ಸೀಸದ ಚರೆ, ಎಲ್ಲಕ್ಕೂ ಮೇಲೆ ಇನ್ನೊಂದು ರಟ್ಟಿನ ಬಿಲ್ಲೆ. ಆ ಬಿಲ್ಲೆಯ ಮೇಲೆ ಚರೆಯ ಅಂಕಿ ಅಚ್ಚಾಗಿರುತ್ತಿತ್ತು. ಕಾಗದದ ಕೊಳವೆಯ ಅಂಚನ್ನು ಒಳಕ್ಕೆ ಮಡಿಸಿ ಬಾಯಿ ಮುಚ್ಚುತ್ತಿದ್ದರು. ಕೊಳವೆಯೂ ಕಾಗದ, ಬಿಲ್ಲೆಯೂ ಕಾಗದ. ಗಾತ್ರದ ಲೆಕ್ಕ ಮಾತ್ರ ಸೀಸದ್ದು. ಒಂದು ಪೌಂಡ್ ಸೀಸದಿಂದ ನಳಿಗೆಯ ವ್ಯಾಸಕ್ಕೆ ಸರಿಯಾಗಿ 12 ಸಮ ಗುಂಡುಗಳಾದರೆ ಅದು 12 ಬೋರ್, ಅಂದರೆ ಸುಮಾರು 18.5 ಮಿ.ಮೀ. ಅಂಕಿ ಹೆಚ್ಚಿದಂತೆ ನಳಿಗೆ ಕಿರಿದಾಗುವುದು ಇದರಿಂದಲೇ.

ಒಂಟಿನಳಿಗೆ, ಜೋಡುನಳಿಗೆ ಕೋವಿಗಳಿಗೆ ಈ ಕಾಗದ ತೊಡಕಾಗಿರಲಿಲ್ಲ. ಕೈಬೆರಳೇ ಕಾಡತೂಸನ್ನು ನಳಿಗೆಯ ಬುಡದ ಗೂಡಿಗಿಡುತ್ತದೆ, ಕೈಬೆರಳೇ ತೆಗೆಯುತ್ತದೆ. ತುಸು ಉಬ್ಬಿದ್ದರೆ ಇನ್ನೊಂದನ್ನು ಆರಿಸಿಕೊಂಡರಾಯಿತು. ಬೆರಳು ಮಾಡುತ್ತಿದ್ದ ಆ ಆಯ್ಕೆಯನ್ನು ಯಂತ್ರಕ್ಕೆ ಒಪ್ಪಿಸಿದ ದಿನ ಕಥೆಯ ದಿಕ್ಕು ಬದಲಾಯಿತು.

ಪಂಪು ಬಂತು

ನಳಿಗೆಯ ಕೆಳಗೆ ಇನ್ನೊಂದು ಕೊಳವೆ. ಅದರೊಳಗೆ ಒಂದರ ಹಿಂದೊಂದು ಕಾಡತೂಸು. ಎಡಗೈಯ ಹಿಡಿಯನ್ನು ಹಿಂದಕ್ಕೆ ಎಳೆದರೆ ಖಾಲಿಯಾದದ್ದು ಹೊರಕ್ಕೆ, ಮುಂದಕ್ಕೆ ತಳ್ಳಿದರೆ ತುಂಬಿದ್ದು ಗೂಡಿಗೆ. ನೀರಿನ ಕೈಪಂಪನ್ನು ಹೋಲುವ ಈ ಚಲನೆಯಿಂದಲೇ ಪಂಪ್ ಎಂಬ ಹೆಸರು. ಅಮೆರಿಕದ ಅಂತರ್ಯುದ್ಧದಲ್ಲಿ ತನ್ನ ರೈಫಲಿನಿಂದ ಹೆಸರಾದ ಕ್ರಿಸ್ಟೋಫರ್ ಸ್ಪೆನ್ಸರ್, ಸಿಲ್ವೆಸ್ಟರ್ ರೋಪರ್ ಜೊತೆ 1882ರಲ್ಲಿ ಪೇಟೆಂಟ್ ಪಡೆದು ಮಾರಿದ್ದು ಮಾರುಕಟ್ಟೆಯಲ್ಲಿ ನಿಂತ ಮೊದಲ ಪಂಪ್ ಕೋವಿ.

ಅದನ್ನು ಮನೆಮಾತಾಗಿಸಿದವನು ಯೂಟಾ ಪ್ರಾಂತ್ಯದ ಆಗ್ಡನ್ ಊರಿನ ಜಾನ್ ಬ್ರೌನಿಂಗ್. ವಿಂಚೆಸ್ಟರ್ ಕಂಪನಿಗೆ ಅವನು ರೂಪಿಸಿದ 1893ರ ಮಾದರಿ ಕರಿಮದ್ದಿನ ಕಾಲಕ್ಕೆ ಹೊಂದಿತ್ತು. ಆದರೆ 1884ರಲ್ಲಿ ಫ್ರಾನ್ಸಿನ ಪೋಲ್ ವಿಯೆಯ್ ಕಂಡುಹಿಡಿದ ಹೊಗೆಯಿಲ್ಲದ ಮದ್ದು ಅಷ್ಟರಲ್ಲಿ ಕಾಡತೂಸಿಗೂ ಇಳಿದಿತ್ತು. ಅದರ ಒತ್ತಡಕ್ಕೆ 1893ರ ಮೈ ಸಾಲಲಿಲ್ಲ. ಚೌಕಟ್ಟನ್ನು ಬಲಪಡಿಸಿ ಹೊರತಂದದ್ದೇ 1897ರ ಮಾದರಿ. ಹಿಂದೆ ಕುದುರೆ ಎದ್ದು ಕಾಣುವ ಆ ಕೋವಿ 1957ರವರೆಗೆ ನಡೆಯಿತು, ಹತ್ತು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಕಾಡತೂಸಿನೊಳಗಿನ ಪುಡಿ ಬದಲಾದ್ದರಿಂದಲೇ ಒಂದು ಮಾದರಿ ಸತ್ತು ಇನ್ನೊಂದು ಹುಟ್ಟಿತು ಎಂಬುದನ್ನು ನೆನಪಿಡಬೇಕು. ಮುಂದೆಯೂ ಇದೇ ಆಗುತ್ತದೆ.

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಈ ಕೋವಿಗೆ ಬಯೊನೆಟ್ ಸಿಕ್ಕಿಸಿ, ನಳಿಗೆಯ ಮೇಲೆ ತೂತು ತಗಡಿನ ಹೊದಿಕೆ ಹಾಕಿ ಫ್ರಾನ್ಸಿನ ಕಂದಕಗಳಿಗೆ ಕಳಿಸಿತು. ಒಂದೊಂದು ಕಾಡತೂಸಿನಲ್ಲಿ ಒಂಬತ್ತು ದಪ್ಪ ಚರೆ. ಇದು ಯುದ್ಧನಿಯಮಕ್ಕೆ ವಿರುದ್ಧ ಎಂದು 1918ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ಅಧಿಕೃತವಾಗಿ ಪ್ರತಿಭಟಿಸಿತು, ಅಮೆರಿಕ ಒಪ್ಪಲಿಲ್ಲ. ಆದರೆ ಆ ಕೋವಿಯನ್ನು ನಿಜವಾಗಿ ಕಾಡಿದ್ದು ಕಂದಕದ ನೀರು. ಕೆಸರಿನಲ್ಲಿ ಕಾಗದದ ಕಾಡತೂಸು ನೆನೆದು ಉಬ್ಬಿತು, ಗೂಡಿಗೆ ಇಳಿಯದಾಯಿತು. ಕೊನೆಗೆ ಪೂರ್ತಿ ಹಿತ್ತಾಳೆಯ ಕಾಡತೂಸು ಮಾಡಿಸಿ ಕಳಿಸಬೇಕಾಯಿತು. ಕೋವಿಯಲ್ಲಿ ಒಂದು ತಿರುಪೂ ಬದಲಾಗಲಿಲ್ಲ. ಬದಲಾದದ್ದು ಅದರ ಆಹಾರ.

1912ರಲ್ಲಿ ವಿಂಚೆಸ್ಟರ್‌ನ ಟಿ.ಸಿ. ಜಾನ್ಸನ್ ರೂಪಿಸಿದ ಮಾಡೆಲ್ 12 ಬಂತು. ಕುದುರೆ ಒಳಗೆ ಅಡಗಿತು, ಉಕ್ಕನ್ನು ಕಡೆದು ಮಾಡಿದ ಭಾಗಗಳನ್ನು ಕುಶಲಿಗಳು ಒಂದೊಂದಾಗಿ ಕೂರಿಸಿದರು. ಹಿಡಿ ಎಳೆದರೆ ಎಣ್ಣೆಯ ಮೇಲೆ ಜಾರಿದ ಹಾಗೆ ಎಂದು ಬಳಸಿದವರು ಹೊಗಳಿದರು. ಸುಮಾರು 20 ಲಕ್ಷ ಕೋವಿಗಳಾದ ಮೇಲೆ 1964ರ ಹೊತ್ತಿಗೆ ಕಂಪನಿ ಅದನ್ನು ನಿಲ್ಲಿಸಿತು. ಕಾರಣ ಕೂಲಿಯ ಖರ್ಚು. ಅದರ ಜಾಗಕ್ಕೆ ಅಲ್ಯೂಮಿನಿಯಂ ಮೈಯ ಮಾಡೆಲ್ 1200 ಬಂತು. ಅಮೆರಿಕದ ಕೋವಿ ಸಂಗ್ರಾಹಕರು ಇಂದಿಗೂ ವಿಂಚೆಸ್ಟರ್ ಕೋವಿಗಳನ್ನು 64ಕ್ಕೆ ಮುಂಚಿನವು, 64ರ ನಂತರದವು ಎಂದು ಎರಡು ರಾಶಿ ಮಾಡುತ್ತಾರೆ.

1937ರಿಂದ ಬಂದ ಇತಾಕಾ 37 ಕಾಡತೂಸನ್ನು ಕೆಳಗಿನಿಂದಲೇ ನುಂಗಿ ಕೆಳಗಿನಿಂದಲೇ ಉಗುಳಿತು. ಪಕ್ಕದಲ್ಲಿ ಬಾಯಿ ಇಲ್ಲದ್ದರಿಂದ ಕಸಕಡ್ಡಿ, ಮಳೆನೀರು ಒಳಗೆ ಹೋಗುವುದು ಕಡಿಮೆ. ಅದರ ಮೂಲ ರಚನೆಯೂ ಬ್ರೌನಿಂಗ್‌ನದೇ. 1950ರಲ್ಲಿ ರೆಮಿಂಗ್ಟನ್ ಹೊರತಂದ 870 ಬೇರೆ ದಾರಿ ಹಿಡಿಯಿತು. ಮೈ ಗಟ್ಟಿ ಉಕ್ಕಿನದು, ಆದರೆ ಕೈಯಿಂದ ಕೂರಿಸುವ ಕೆಲಸ ಕಡಿಮೆ. ಹಿಡಿಯಿಂದ, ಗೂಡಿನ ಹಿಂಬದಿ ಮುಚ್ಚುವ ಬೋಲ್ಟಿಗೆ ಎರಡು ಸಲಾಕೆಗಳು ಇದ್ದುದರಿಂದ ಎಳೆತ ಒಂದು ಬದಿಗೆ ವಾಲುತ್ತಿರಲಿಲ್ಲ. ಬೆಲೆ ಇಳಿಯಿತು, ನಂಬಿಕೆ ಉಳಿಯಿತು. 2009ರ ಹೊತ್ತಿಗೆ ಒಂದು ಕೋಟಿ ಕೋವಿಗಳು ತಯಾರಾಗಿದ್ದವು. 1960ರ ದಶಕದ ಆರಂಭದಲ್ಲಿ ಬಂದ ಮಾಸ್‌ಬರ್ಗ್ 500 ಅಲ್ಯೂಮಿನಿಯಂ ಮೈಯಲ್ಲೇ ಇನ್ನೂ ಅಗ್ಗವಾಗಿ ಗೆದ್ದಿತು. ಮೊದಲು ಒಂದೇ ಸಲಾಕೆ ಇದ್ದ ಅದಕ್ಕೂ ಮುಂದೆ ಎರಡು ಬಂದವು. ಅಲ್ಯೂಮಿನಿಯಂ ಮೈ ಸಾಕಾಗುವುದು ಹೇಗೆ ಎಂದು ಕೇಳುವವರಿದ್ದಾರೆ. ಬೋಲ್ಟಿನ ಬೀಗ ಬೀಳುವುದು ಉಕ್ಕಿನ ನಳಿಗೆಯ ಚಾಚಿಗೆ. ಕಾಡತೂಸಿನ ಒತ್ತಡವನ್ನು ಹೊರುವುದು ಆ ಉಕ್ಕು, ಹೊರಮೈ ಅಲ್ಲ.

870ರ ಉತ್ತರಾರ್ಧ ಅಷ್ಟು ಸುಖದ್ದಲ್ಲ. 1987ರಲ್ಲಿ ಎಕ್ಸ್‌ಪ್ರೆಸ್ ಎಂಬ ಅಗ್ಗದ ರೂಪ ಬಂತು. ಮುಂದಿನ ವರ್ಷಗಳಲ್ಲಿ ನಳಿಗೆಯ ಗೂಡು ಒರಟಾಗಿದೆ, ಉಕ್ಕಿನ ತಳದ ಅಗ್ಗದ ಕಾಡತೂಸು ಅದರಲ್ಲಿ ಕಚ್ಚಿಕೊಳ್ಳುತ್ತದೆ ಎಂಬ ದೂರು ಬಳಕೆದಾರರಿಂದ ಕೇಳಿಬಂತು. ಹಿತ್ತಾಳೆ ಸಿಡಿತಕ್ಕೆ ಹಿಗ್ಗಿ ಮತ್ತೆ ಕುಗ್ಗುತ್ತದೆ, ಅಗ್ಗದ ಉಕ್ಕಿನ ತಳ ಅಷ್ಟು ಚೆನ್ನಾಗಿ ಕುಗ್ಗುವುದಿಲ್ಲ. ನುಣುಪಾದ ಗೂಡು ಈ ದೋಷವನ್ನು ಕ್ಷಮಿಸುತ್ತದೆ, ಒರಟು ಗೂಡು ಕ್ಷಮಿಸುವುದಿಲ್ಲ. 2018 ಮತ್ತು 2020ರಲ್ಲಿ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕಿತು. ಅದರ ಅಂಗಗಳು ಬೇರೆ ಬೇರೆಯವರಿಗೆ ಮಾರಾಟವಾದವು.

ತಾನಾಗಿ ತುಂಬುವ ಕೋವಿ

ಪಂಪಿನಲ್ಲಿ ಬಲ ಕೊಡುವುದು ತೋಳು. ಕಾಡತೂಸು ಸಿಕ್ಕಿಕೊಂಡರೆ ತೋಳಿಗೆ ಗೊತ್ತಾಗುತ್ತದೆ, ಇನ್ನಷ್ಟು ಜಗ್ಗಬಹುದು. ಸೆಮಿ ಆಟೊಮ್ಯಾಟಿಕ್ ಕೋವಿಯಲ್ಲಿ ಆ ಬಲವೂ ಕಾಡತೂಸಿನಿಂದಲೇ ಬರಬೇಕು. ಒಂದು ಈಡಿನ ಶಕ್ತಿಯಲ್ಲಿ ಸ್ವಲ್ಪವನ್ನು ಕಡ ತೆಗೆದು ಮುಂದಿನ ಈಡನ್ನು ಗೂಡಿಗೇರಿಸಬೇಕು. ಈಡಿನ ಬಲ ಕಡಿಮೆಯಾದರೆ ಬೋಲ್ಟ್ ಅರ್ಧದಲ್ಲಿ ನಿಲ್ಲುತ್ತದೆ, ಹೆಚ್ಚಾದರೆ ಕೋವಿ ತನ್ನನ್ನೇ ಬಡಿದುಕೊಳ್ಳುತ್ತದೆ.

ಇದನ್ನು ಮೊದಲು ಯಶಸ್ವಿಯಾಗಿ ಬಿಡಿಸಿದವನೂ ಬ್ರೌನಿಂಗ್. ಅವನ ಕೋವಿಯಲ್ಲಿ ನಳಿಗೆ ಮತ್ತು ಬೋಲ್ಟ್ ಒಂದಕ್ಕೊಂದು ಬೆಸೆದುಕೊಂಡೇ ಕಾಡತೂಸಿನ ಉದ್ದಕ್ಕಿಂತ ಹೆಚ್ಚು ಹಿಂದಕ್ಕೆ ಸರಿಯುತ್ತವೆ. ಆಮೇಲೆ ನಳಿಗೆ ಮಾತ್ರ ಮುಂದಕ್ಕೆ ಹೋಗುತ್ತದೆ, ಖಾಲಿ ಕಾಡತೂಸು ಹಾರುತ್ತದೆ, ಹೊಸದು ಏರುತ್ತದೆ. ರಾಯಧನದ ಮಾತಿನಲ್ಲಿ ವಿಂಚೆಸ್ಟರ್ ಜೊತೆ ಅವನಿಗೆ ಮುರಿಯಿತು. ರೆಮಿಂಗ್ಟನ್‌ಗೆ ತೋರಿಸಲು ಹೋದ 1902ರ ಜನವರಿ 8ರಂದು ಕಂಪನಿಯ ಅಧ್ಯಕ್ಷ ಮಾರ್ಸೆಲಸ್ ಹಾರ್ಟ್ಲಿ ಹೃದಯಾಘಾತದಿಂದ ತೀರಿಕೊಂಡರು. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಗೆ ಹೋದ. ಅಲ್ಲಿ ಹುಟ್ಟಿದ ಆಟೋ 5 ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ತಯಾರಾಯಿತು. ಅದರ ಹಿಂಭಾಗದ ಚೌಕ ಗೂನು ದೂರದಿಂದಲೇ ಗುರುತು ಸಿಗುತ್ತದೆ. 1905ರಿಂದ ರೆಮಿಂಗ್ಟನ್ ಕೂಡ ಪರವಾನಗಿ ಪಡೆದು ಅದನ್ನೇ ಅಮೆರಿಕದಲ್ಲಿ ಮಾಡಿತು. ಬ್ರೌನಿಂಗ್ 1926ರಲ್ಲಿ ಪ್ರಾಣ ಬಿಟ್ಟದ್ದೂ ಬೆಲ್ಜಿಯಂನಲ್ಲೇ, ಲೀಜಿನಲ್ಲಿ.

ಆಟೋ 5ರ ಜಾಣ್ಮೆ ಇರುವುದು ಕೊಳವೆಯ ಮೇಲಿನ ಒಂದು ಉಂಗುರದಲ್ಲಿ. ಹಗುರ ಕಾಡತೂಸಿಗೆ ಅದನ್ನು ಒಂದು ಬಗೆಯಲ್ಲಿ ಜೋಡಿಸಬೇಕು, ಭಾರಿ ಕಾಡತೂಸಿಗೆ ಇನ್ನೊಂದು ಬಗೆಯಲ್ಲಿ. ಉಂಗುರದ ತಿಕ್ಕಾಟ ನಳಿಗೆಯ ವೇಗಕ್ಕೆ ಲಗಾಮು. ಯಂತ್ರಕ್ಕೆ ಕಾಡತೂಸಿನ ಪರಿಚಯ ಮಾಡಿಕೊಡುವ ಹೊಣೆ ಇಲ್ಲಿ ಮನುಷ್ಯನದು.

ಕಾಗದ ತನ್ನ ಕೈ ತೋರಿಸಿದ್ದು ವಿಂಚೆಸ್ಟರ್‌ನ 1911ರ ಮಾದರಿಯಲ್ಲಿ. ಬೋಲ್ಟನ್ನು ಎಳೆಯುವ ಕೊಕ್ಕೆಯ ಪೇಟೆಂಟ್ ಬ್ರೌನಿಂಗ್ ಕೈಯಲ್ಲಿತ್ತು. ಅದನ್ನು ತಪ್ಪಿಸಲು ಜಾನ್ಸನ್ ನಳಿಗೆಯನ್ನೇ ಹಿಂದಕ್ಕೆ ದಬ್ಬಿ ಕೋವಿ ತುಂಬುವ ಏರ್ಪಾಡು ಮಾಡಿದ. ಹಿಡಿತಕ್ಕೆಂದು ನಳಿಗೆಯ ಮೇಲೆ ಗೀರುಗಳನ್ನೂ ಕೊರೆದ. ಒಣ ಹವೆಯಲ್ಲಿ ತೊಂದರೆಯಿಲ್ಲ. ತೇವಕ್ಕೆ ಕಾಗದ ಉಬ್ಬಿ ಕಾಡತೂಸು ಗೂಡಿನಲ್ಲಿ ಸಿಕ್ಕಿಕೊಂಡಾಗ ಕೈಬಲ ಸಾಲುತ್ತಿರಲಿಲ್ಲ. ಜನ ಕೋವಿಯ ಬುಡವನ್ನು ನೆಲಕ್ಕೆ ಊರಿ, ನಳಿಗೆಯನ್ನು ಎರಡೂ ಕೈಯಿಂದ ಕೆಳಕ್ಕೆ ಒತ್ತಿದರು. ಆಗ ನಳಿಗೆಯ ಬಾಯಿ ಅವರ ಮುಖದ ಕಡೆಗೇ ತಿರುಗಿರುತ್ತಿತ್ತು. ಈಡು ಹಾರಿ ಸತ್ತವರಿದ್ದಾರೆ. ಆ ಕೋವಿಗೆ ವಿಧವೆಯರನ್ನು ಮಾಡುವ ಕೋವಿ ಎಂಬ ಅಡ್ಡಹೆಸರು ಅಂಟಿತು. 1925ರಲ್ಲಿ ತಯಾರಿಕೆ ನಿಂತಿತು. ಉಕ್ಕಿನಲ್ಲಿ ಕುಂದಿರಲಿಲ್ಲ. ಕಾಗದ ಉಬ್ಬುತ್ತದೆ ಎಂಬ ಸಣ್ಣ ಸತ್ಯವನ್ನು ರಚನೆ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಕಾಗದ ಹೋದ ಮೇಲೆ

1960ರಲ್ಲಿ ರೆಮಿಂಗ್ಟನ್ ಪ್ಲಾಸ್ಟಿಕ್ ಮೈಯ ಕಾಡತೂಸನ್ನು ಮಾರುಕಟ್ಟೆಗೆ ತಂದಿತು. ನೀರಿಗೆ ಉಬ್ಬದ, ಅಳತೆ ಬದಲಿಸದ ಕಾಡತೂಸು. ಮೂರು ವರ್ಷದ ಬಳಿಕ ಅದೇ ಕಂಪನಿಯ ಮಾಡೆಲ್ 1100 ಬಂತು. ನಳಿಗೆಯ ಸಣ್ಣ ರಂಧ್ರದಿಂದ ಅನಿಲವನ್ನು ಹಾಯಿಸಿ ಬೋಲ್ಟನ್ನು ತಳ್ಳುವ ರಚನೆ. ಹೆಗಲಿಗೆ ಬೀಳುವ ಒದೆತ ಮೃದುವಾಯಿತು, 40 ಲಕ್ಷಕ್ಕೂ ಹೆಚ್ಚು ಕೋವಿಗಳಾದವು. ಅನಿಲದ ರಚನೆಗೆ ಬೇಕಾದ ಒಂದೇ ಅಳತೆಯ, ಒಂದೇ ನಡತೆಯ ಕಾಡತೂಸು ಸಿಗುತ್ತಿದ್ದ ಕಾಲದಲ್ಲಿ ಅದು ಬಂದದ್ದು ಅದರ ಭಾಗ್ಯ. 1987ರ 11-87 ಮಾದರಿ ಹೆಚ್ಚಾದ ಅನಿಲವನ್ನು ತಾನೇ ಹೊರಬಿಟ್ಟು ಹಗುರ, ಭಾರಿ ಎರಡನ್ನೂ ಸಂಭಾಳಿಸಲು ಕಲಿಯಿತು. ಆಟೋ 5ರಲ್ಲಿ ಮನುಷ್ಯ ಉಂಗುರ ತಿರುಗಿಸಿ ಮಾಡುತ್ತಿದ್ದ ಕೆಲಸ ಈಗ ಯಂತ್ರದ್ದಾಯಿತು.

ಇಟಲಿಯ ಉರ್ಬಿನೋದಲ್ಲಿ 1967ರಲ್ಲಿ ಶುರುವಾದ ಬೆನೆಲ್ಲಿ ಕಂಪನಿ ಬ್ರೂನೊ ಚಿವೊಲಾನಿಯ ಕಲ್ಪನೆಯಿಂದ ಅನಿಲವನ್ನೇ ಬಿಟ್ಟುಕೊಟ್ಟಿತು. ನಿಂತ ಬಸ್ಸು ತಟ್ಟನೆ ಹೊರಟಾಗ ನಿಂತವರು ಇದ್ದಲ್ಲೇ ಉಳಿದು ಹಿಂದಕ್ಕೆ ವಾಲುತ್ತಾರಷ್ಟೆ. ಕೋವಿ ಒದ್ದು ಹಿಂದೆ ಸರಿದಾಗ ಭಾರವಾದ ಬೋಲ್ಟ್ ಹಾಗೆಯೇ ಇದ್ದಲ್ಲಿ ಉಳಿಯುತ್ತದೆ, ನಡುವಿನ ಗಟ್ಟಿ ಸ್ಪ್ರಿಂಗ್ ಮುದುಡುತ್ತದೆ, ಮರುಕ್ಷಣ ಬಿಚ್ಚಿಕೊಂಡು ಬೋಲ್ಟನ್ನು ಹಿಂದಕ್ಕೆಸೆಯುತ್ತದೆ. ಮಸಿ ನಳಿಗೆಯಲ್ಲೇ ಉಳಿಯುವುದರಿಂದ ಯಂತ್ರಭಾಗ ಶುಚಿ. ಆದರೆ ತೀರ ಹಗುರ ಕಾಡತೂಸು ಹಾಕಿದರೆ ಒದೆತವೇ ಸಾಲದು. ಮುಂದೆ ಅಮೆರಿಕದ ಮರೀನ್ ದಳ ಒಪ್ಪಿಕೊಂಡ ಬೆನೆಲ್ಲಿ ಎಂ4 ಕೋವಿಗೆ ಕಂಪನಿಯೇ ಮತ್ತೆ ಅನಿಲದ ರಚನೆಯನ್ನು ಆರಿಸಿಕೊಂಡಿತು.

ಕಾಗದ ಹೋದರೂ ಕಾಡತೂಸೇ ಕೋವಿಯನ್ನು ಬದಲಿಸುವುದು ನಿಲ್ಲಲಿಲ್ಲ. ಸೀಸದ ಚರೆ ನುಂಗಿ ನೀರುಹಕ್ಕಿಗಳು ವಿಷವೇರಿ ಸಾಯುತ್ತಿದ್ದುದರಿಂದ 1991ರಲ್ಲಿ ಅಮೆರಿಕ ದೇಶಾದ್ಯಂತ ನೀರುಹಕ್ಕಿ ಬೇಟೆಗೆ ಸೀಸವನ್ನು ನಿಷೇಧಿಸಿತು. ಉಕ್ಕಿನ ಚರೆ ಹಗುರ. ಅಷ್ಟೇ ತೂಕಕ್ಕೆ ಜಾಗ ಹೆಚ್ಚು ಬೇಕು. ಅದಕ್ಕೆಂದೇ ಮೂರೂವರೆ ಇಂಚಿನ ಕಾಡತೂಸು ಬಂದಿತ್ತು. ಅದನ್ನು ನುಂಗಲು 1988ರಲ್ಲಿ ಮಾಸ್‌ಬರ್ಗ್ 835 ಎಂಬ ಹೊಸ ಪಂಪ್ ಕೋವಿ ಹುಟ್ಟಿತು. ಅದಕ್ಕೂ ಹಿಂದೆ 1935ರಲ್ಲೇ ವಲಸೆಹಕ್ಕಿಗಳ ಉಳಿವಿಗಾಗಿ ಒಂದು ಸಲಕ್ಕೆ ಮೂರು ಕಾಡತೂಸಿಗಿಂತ ಹೆಚ್ಚು ಹಿಡಿಯದಂತೆ ಕೊಳವೆಯೊಳಗೆ ಬೆಣೆ ಇಡಬೇಕೆಂಬ ನಿಯಮ ಅಲ್ಲಿ ಬಂದಿತ್ತು.

ಕೋವಿಗಿಂತ ಕಾಡತೂಸು ದೊಡ್ಡದು ಎಂಬುದಕ್ಕೆ ನಮ್ಮ ದೇಶದ ಸಾಕ್ಷಿಯೂ ಇದೆ, ನೋವಿನ ಸಾಕ್ಷಿ. 2016ರಲ್ಲಿ ಕಾಶ್ಮೀರದ ಬೀದಿಗಳಲ್ಲಿ ಎಷ್ಟೋ ಮಂದಿಯ ಕಣ್ಣು ಕಳೆದ ಆಯುಧವನ್ನು ಪತ್ರಿಕೆಗಳು ಪೆಲೆಟ್ ಗನ್ ಎಂದು ಕರೆದವು. ಅದು 12 ಬೋರಿನ ಪಂಪ್ ಕೋವಿಯೇ. ಅದನ್ನು ಪೆಲೆಟ್ ಗನ್ ಮಾಡಿದ್ದು ಒಳಗಿನ ನೂರಾರು ಸಣ್ಣ ಚರೆಯ ಕಾಡತೂಸು. ಮಾರಕವಲ್ಲ ಎಂಬ ಹೆಸರಿನಲ್ಲಿ ಬಳಸಿದ ಚರೆ ಹರಡಿಕೊಂಡು ಹೋಗುವಾಗ ಕಾಲು ಯಾರದು, ಕಣ್ಣು ಯಾರದು ಎಂದು ಆರಿಸುವುದಿಲ್ಲ.

ಗುಣಮಟ್ಟ ಮತ್ತು ಪದದ ಲೆಕ್ಕ

ಇಷ್ಟೂ ಮಾದರಿಗಳನ್ನು ಎದುರಿಗಿಟ್ಟು ಯಾವುದು ಉತ್ತಮ ಎಂದು ಕೇಳಿದರೆ ನಾನು ಮರದ ಹೊಳಪನ್ನೂ ಉಕ್ಕಿನ ತೂಕವನ್ನೂ ಮೊದಲು ನೋಡುವುದಿಲ್ಲ. ಒದ್ದೆಯಾದ, ಅಗ್ಗದ, ಹಗುರವಾದ, ಭಾರಿಯಾದ ಕಾಡತೂಸುಗಳನ್ನು ಯಾವುದು ದೂರಿಲ್ಲದೆ ನುಂಗಿ ಉಗುಳುತ್ತದೋ ಅದು ಒಳ್ಳೆಯ ಕೋವಿ. ಮಾಡೆಲ್ 12 ಅದನ್ನು ಕೈಗೆಲಸದಿಂದ ಸಾಧಿಸಿತು, 870 ಒಳ್ಳೆಯ ರಚನೆಯಿಂದ, ಆಟೋ 5 ಒಂದು ಉಂಗುರದಿಂದ. 1911ರ ಕೋವಿ ನೋಡಲು ಚೆಂದವಿದ್ದೂ ಸೋತಿತು. ತಾನು ತಿನ್ನುವುದು ಏನನ್ನು ಎಂಬುದು ಅದಕ್ಕೆ ತಿಳಿದಿರಲಿಲ್ಲ.

ಕಾಗದದ ಕಾಡತೂಸು ಪೂರ್ತಿ ಮರೆಯಾಗಿಲ್ಲ. ಗುರಿಹೊಡೆತದ ಸ್ಪರ್ಧಿಗಳಿಗಾಗಿ ಅಮೆರಿಕದ ಫೆಡರಲ್ ಕಂಪನಿ ಈಗಲೂ ಅದನ್ನು ಮಾಡುತ್ತದೆ. ಪದವಂತೂ ಹೊಸ ಮನೆಗಳನ್ನು ಕಂಡುಕೊಂಡಿದೆ. ಪ್ರಿಂಟರಿನ ಮಸಿಯ ಡಬ್ಬಿಗೂ ಕಾರ್ಟ್ರಿಜ್ ಎನ್ನುತ್ತೇವೆ. ಅಳತೆಯಲ್ಲಿ ತುಂಬಿಟ್ಟು, ಗೂಡಿಗೆ ಕೂರಿಸಿ, ಮುಗಿದಾಗ ಬದಲಿಸುವುದು ಎಂಬ ಹಳೆಯ ಅರ್ಥ ಅಲ್ಲಿ ಚೂರೂ ಕೆಟ್ಟಿಲ್ಲ.

ಕನ್ನಡದಲ್ಲಿ ಕೆಡುತ್ತಿರುವುದು ಬೇರೆ. ಪತ್ರಿಕೆಗಳಲ್ಲಿ ‘ಖಾಲಿ ಗುಂಡು ಪತ್ತೆ’, ‘ಹತ್ತು ಜೀವಂತ ಗುಂಡು ವಶ’ ಎಂಬ ಸಾಲುಗಳನ್ನು ಓದುತ್ತೇವೆ. ಗುಂಡು ಖಾಲಿಯಾಗುವುದಿಲ್ಲ, ಅದು ಹಾರಿ ಹೋಗುತ್ತದೆ. ಸ್ಥಳದಲ್ಲಿ ಉಳಿಯುವುದು ಖಾಲಿ ಕಾಡತೂಸು. ಗುಂಡಿಗೆ ಜೀವವೂ ಇಲ್ಲ. ಇರುವುದು ತುಂಬಿದ ಕಾಡತೂಸು. ಬೇಟೆಯ ಕೋವಿಯಿಂದ ಹಲವು ಚೂರಾಗಿ ಹೊರಡುವುದು ಚರೆ, ಒಂದೇ ಆಗಿ ಹೊರಡುವುದು ಗುಂಡು, ಒಂದು ಸಲ ಹಾರಿಸುವುದು ಒಂದು ಈಡು, ಚರೆಯನ್ನೋ ಗುಂಡನ್ನೋ ಮದ್ದು ಕೇಪುಗಳೊಡನೆ ಒಳಗಿಟ್ಟುಕೊಂಡಿರುವುದು ಕಾಡತೂಸು ಅಥವಾ ತೋಟಾ. ಈ ನಾಲ್ಕು ಪದಗಳ ನಡುವಿನ ಗೆರೆಯನ್ನು ಮಲೆನಾಡಿನ, ಕೊಡಗಿನ ಹಿರಿಯರು ಶಾಲೆಗೆ ಹೋಗದೆಯೂ ಸರಿಯಾಗಿ ಕಾಪಾಡಿದ್ದಾರೆ. ಪೊಲೀಸ್ ವರದಿಯಲ್ಲಿ, ನ್ಯಾಯಾಲಯದ ಸಾಕ್ಷ್ಯದಲ್ಲಿ ಆ ಗೆರೆ ಅಳಿಸಿದರೆ ಯಾರು ಎಷ್ಟು ಸಲ ಹಾರಿಸಿದರು, ಯಾವ ಕೋವಿಯಿಂದ ಹಾರಿಸಿದರು ಎಂಬ ಸಂಗತಿಯೇ ಮಸುಕಾಗುತ್ತದೆ. ಖಾಲಿ ಕಾಡತೂಸಿನ ಕೇಪಿನ ಮೇಲೆ ಬಿದ್ದ ಮೊಳೆಯ ಗುರುತು ಅದು ಯಾವ ಕೋವಿಯದೆಂದು ಹೇಳಬಲ್ಲದು, ಹಾರಿಹೋದ ಚರೆ ಹೇಳಲಾರದು. ಬರೆಯುವವರು ಎಲ್ಲಕ್ಕೂ ಗುಂಡು ಎಂದು ಬರೆಯುವುದನ್ನು ಬಿಡಬೇಕು. ಕಾಡತೂಸನ್ನು ಕಾಡತೂಸೆಂದೇ ಕರೆಯಬೇಕು.